ಹಂಪಿಗೆ ವರ್ಚುವಲ್ ಟೂರ್

ಇಷ್ಟಕ್ಕೆಲ್ಲ ಕಾರಣ ಒಂದು ಆಕಳಿಕೆ.

ಹಾಸನದಲ್ಲಿ ಸಮಾಜ ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ತರಬೇತಿ. ವಿಷಯ ‘ಇತಿಹಾಸ ಬೋಧನೆಯಲ್ಲಿ ಆನ್‌ಲೈನ್ ಸಂಪನ್ಮೂಲಗಳು’. ಹೊತ್ತು ಮಧ್ಯಾಹ್ನದ ಊಟವಾದ ಮೇಲೆ. ಊಟಕ್ಕೆ ಹೋಳಿಗೆ ಇತ್ತು. ಹೋಳಿಗೆ ಬಡಿಸಿ, ಆಮೇಲೆ ದೀಪ ಆರಿಸಿ, ಪರದೆಯ ಮೇಲೆ ಚಿತ್ರ ಬಿಟ್ಟರೆ ಮನುಷ್ಯನಾದವನು ಏನು ಮಾಡುತ್ತಾನೋ ಕೆಂಚನಕೊಪ್ಪಲು ಪ್ರೌಢಶಾಲೆಯ ಸಿದ್ದಬಸಪ್ಪ ಮೇಷ್ಟ್ರೂ ಅದನ್ನೇ ಮಾಡಿದರು. ಎರಡೂ ಕೈ ಮೇಲೆತ್ತಿ, ಮೈ ಮುರಿದು, ದೀರ್ಘವಾಗಿ ಆಕಳಿಸಿದರು. ಸರಿಯಾಗಿ ಅದೇ ಗಳಿಗೆಯಲ್ಲಿ ವೇದಿಕೆಯ ಮೇಲಿದ್ದ ವಿಷಯ ಪರಿವೀಕ್ಷಕ ಸುನಿಲ್‌ಕುಮಾರ್ ಸಾಹೇಬರು, “ನಿಮ್ಮಲ್ಲಿ ಯಾರ್ಯಾರು ಆನ್‌ಲೈನ್ ಸಂಪನ್ಮೂಲ ಬಳಸಿ ಪಾಠ ಮಾಡ್ತೀರಿ? ಕೈ ಎತ್ತಿ” ಎಂದಿದ್ದರು.

ಇಡೀ ಸಭಾಂಗಣದಲ್ಲಿ ಎತ್ತಿದ್ದ ಕೈಗಳು ಎರಡೇ. ಎರಡೂ ಸಿದ್ದಬಸಪ್ಪನವರವು.

“ಇಲ್ಲ ಸಾರ್, ಆಕಳಿಕೆ ಬಂತು” ಎಂದು ಕೈ ಇಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಜಿಲ್ಲೆಯ ಮೇಷ್ಟ್ರುಗಳೆಲ್ಲ ಹಿಂತಿರುಗಿ ನೋಡುತ್ತಿದ್ದರು. ಅದರಲ್ಲೂ ಆಲೂರು ಕಡೆಯ ಇಬ್ಬರ ಕಣ್ಣಲ್ಲಿ ಮೆಚ್ಚುಗೆಯಂಥದ್ದು ಏನೋ ಕಂಡಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೇಷ್ಟ್ರನ್ನು ಯಾರೂ ಹಾಗೆ ನೋಡಿರಲಿಲ್ಲ. ಪರದೆಯ ಮೇಲೆ ಹಂಪಿಯ ಚಿತ್ರವಿತ್ತು, ಅದರ ಕೆಳಗೆ ಎರಡು ಪದ ಬರೆದಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅದನ್ನೇ ಓದಿದರು.

“ನಾವು ಮಕ್ಕಳಿಗೆ ವರ್ಚುವಲ್ ಟೂರ್ ಮಾಡಿಸ್ತೀವಿ ಸಾರ್. ಹಂಪಿಗೆ.”

“ಭೇಷ್!” ಎಂದರು ಸಾಹೇಬರು. “ಕೆಂಚನಕೊಪ್ಪಲಿನಂಥ ಹಳ್ಳೀಲಿ ವರ್ಚುವಲ್ ಟೂರ್! ಈ ಶನಿವಾರ ನಾನೇ ಬಂದು ನೋಡ್ತೀನಿ. ಪೋಷಕರನ್ನೂ ಕರೀರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು.

ಮನೆಗೆ ಬಂದು ಹೆಂಡತಿ ಪಂಕಜಾಕ್ಷಿಗೆ ವಿಷಯ ಹೇಳಿದಾಗ ಆಕೆ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ರಿಮೋಟಿಗೆ ಸೆಲ್ಲು ಹಾಕೋಕೆ ಬರಲ್ಲ. ಹಂಪಿ ತೋರಿಸ್ತಾರಂತೆ.”

“ಅದೆಲ್ಲ ನೆಟ್‌ನಲ್ಲಿ ತಾನಾಗೇ ಬರುತ್ತೆ ಕಣೆ. ಶಾಲೇಲಿ ಸ್ಮಾರ್ಟ್ ಟಿವಿ ಇದೆಯಲ್ಲ.”

“ಹಂಗಾದ್ರೆ ಟಿವಿ ನೋಡೋದು ಅನ್ನಿ.”

“ಟಿವಿ ನೋಡೋದು ಅನ್ನಬೇಡ” ಎಂದು ಮೇಷ್ಟ್ರು ರೇಗಿದರು. “ಇಲಾಖೆ ಅದನ್ನ ವರ್ಚುವಲ್ ಟೂರ್ ಅನ್ನುತ್ತೆ. ಟಿವಿ ನೋಡೋಕೆ ಪರಿವೀಕ್ಷಕರು ಹಾಸನದಿಂದ ಬರ್ತಾರಾ?”

ಈ ಒಂದು ಮಾನದ ಪ್ರಶ್ನೆಯೇ ಮುಂದಿನ ಅನಾಹುತಕ್ಕೆ ಗೊಬ್ಬರವಾಯಿತು. ಮರುದಿನ ಹತ್ತನೇ ತರಗತಿಯಲ್ಲಿ ಮೇಷ್ಟ್ರು ಸೀಮೆಸುಣ್ಣ ಮೇಜಿನ ಮೇಲಿಟ್ಟು ಘೋಷಿಸಿದರು. “ಶನಿವಾರ ಬೆಳಿಗ್ಗೆ ಹಂಪಿಗೆ ವರ್ಚುವಲ್ ಟೂರ್. ನಿಮ್ಮ ಅಪ್ಪ ಅಮ್ಮನೂ ಬರಬಹುದು.”

ಮಕ್ಕಳಿಗೆ ‘ಹಂಪಿ’ ಕೇಳಿಸಿತು. ‘ಟೂರ್’ ಕೇಳಿಸಿತು. ನಡುವಿನ ಪದ ತರಗತಿಯ ಗದ್ದಲದಲ್ಲಿ ಎಲ್ಲಿ ಬಿತ್ತೋ ಯಾರೂ ಹುಡುಕಲಿಲ್ಲ. ಆ ಶಾಲೆಯಿಂದ ಪ್ರವಾಸವೆಂಬುದು ಹೋಗಿ ಎಷ್ಟೋ ವರ್ಷವಾಗಿತ್ತು. ಒಂದು ವರ್ಷ ರೋಗ ಅಡ್ಡ ಬಂತು, ಒಂದು ವರ್ಷ ಚುನಾವಣೆ, ಇನ್ನೊಂದು ವರ್ಷ ಮುಖ್ಯ ಶಿಕ್ಷಕರ ವರ್ಗಾವಣೆ. ಆ ಕುರ್ಚಿ ಇನ್ನೂ ಖಾಲಿಯಿದ್ದು, ಅದರ ಪ್ರಭಾರವೂ ಸಿದ್ದಬಸಪ್ಪನವರ ತಲೆಯ ಮೇಲೆಯೇ ಇತ್ತು.

ಸಂಜೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ತೋಟಪ್ಪ ಮನೆ ಬಾಗಿಲಿಗೆ ಬಂದ. ಬಿಳಿ ಪಂಚೆ, ಕೈಯಲ್ಲಿ ಎರಡು ಫೋನು.

“ಮೇಷ್ಟ್ರೇ, ಒಳ್ಳೇ ಕೆಲ್ಸ ಮಾಡ್ಬುಟ್ರಿ. ಅಲ್ಲಾ, ಈ ವರ್ಚುವಲ್‌ನೋರದ್ದು ಎಂಥಾ ಬಸ್ಸು? ಹೆಸ್ರೇ ಕೇಳಿಲ್ವಲ್ಲ.”

“ಬಸ್ಸಿಲ್ಲ ತೋಟಪ್ಪನೋರೇ. ಇದು ಆನ್‌ಲೈನ್.”

“ಓಹೋ, ಆನ್‌ಲೈನ್ ಬುಕ್ಕಿಂಗು! ಈಗೆಲ್ಲಾ ಅಂಗೇ ಬುಡಿ. ನಮ್ ಭಾಮೈದ ಧರ್ಮಸ್ಥಳದ ರೂಮೂ ಅಂಗೇ ಮಾಡಿದ್ದ.”

“ಬುಕ್ಕಿಂಗ್ ಅಲ್ಲ. ನಾವು ಕೂತಲ್ಲೇ ಕೂತು ಹೋಗಿ ಬರೋದು.”

“ಕೂತೇ ಹೋಗೋದಾ? ಮಲಗೋ ಬಸ್ಸಲ್ಲ ಅನ್ನಿ. ಪರ್ವಾಗಿಲ್ಲ, ಮಕ್ಳಿಗೆ ಎಂಥಾ ಮಲಗೋದು.”

“ಅಯ್ಯೋ, ಮುಕ್ಕಾಲು ಗಂಟೇಲಿ ಮುಗಿಯುತ್ತೆ ತೋಟಪ್ಪನೋರೇ!”

ತೋಟಪ್ಪ ಗಹಗಹಿಸಿ ನಕ್ಕ. “ನಮ್ ಹೈವೇಲಿ ಬಾಳ್ಳುಪೇಟೆಯಿಂದ ಸಕಲೇಶಪುರಕ್ಕೆ ಹೋಗೋಕೇ ಮುಕ್ಕಾಲು ಗಂಟೆ ಬೇಕು. ತಮಾಷೆ ಮಾಡ್ತೀರಿ ಮೇಷ್ಟ್ರೇ.”

ಅಡುಗೆಮನೆಯಿಂದ ಪಂಕಜಾಕ್ಷಿ, “ಟಿವಿ ಅಂತ ಒಂದು ಮಾತು ಹೇಳಿ ಮುಗಿಸ್ರೀ” ಎಂದಳು. ಮೇಷ್ಟ್ರು ಕೇಳಿಸದವರಂತೆ ಕೆಮ್ಮಿದರು.

ಮಾರನೆಯ ದಿನ ದಾರಿಯಲ್ಲಿ ಜವರಪ್ಪ ಅಡ್ಡ ಹಾಕಿದ. ಇವನ ಮಗಳೂ ಹತ್ತನೇ ತರಗತಿ. ಹೊಟ್ಟೆ ಮಾತ್ರ ಊರಿಗೇ ಪ್ರಸಿದ್ಧ. ಬೆಳಗೋಡಿಗೆ ಬಸ್ಸಿನಲ್ಲಿ ಹೋದರೂ ಎರಡು ತಿರುವಿಗೆ ಒಮ್ಮೆ ಕಿಟಕಿಯಿಂದ ತಲೆ ಹೊರಗೆ ಹಾಕುವ ಮನುಷ್ಯ.

“ಮೇಷ್ಟ್ರೇ, ನಂಗೆ ಮುಂದಿನ ಸೀಟು ಬೇಕು. ವಾಂತಿ ಆಯ್ತದೆ.”

“ಇದರಲ್ಲಿ ವಾಂತಿ ಬರೋ ಪ್ರಶ್ನೆಯೇ ಇಲ್ಲ ಜವರಪ್ಪ. ಒಂದು ಚೂರೂ ಅಲುಗಾಡಲ್ಲ.”

ಜವರಪ್ಪನ ಮುಖ ಅರಳಿತು. ಅಲುಗಾಡದ ಬಸ್ಸು ಎಂದರೆ ಏಸಿ ಬಸ್ಸೇ. ಮಧ್ಯಾಹ್ನದೊಳಗೆ ಊರಲ್ಲಿ ಏಸಿ ಬಸ್ಸಿನ ಸುದ್ದಿ ಹರಡಿತು. ಸಂಜೆಯ ಹೊತ್ತಿಗೆ ಆ ಬಸ್ಸಿನೊಳಗೆ ಟಿವಿಯೂ ಇದೆಯೆಂದು ಯಾರೋ ಸೇರಿಸಿದರು. ಟಿವಿಯ ವಿಷಯವನ್ನು ಮೇಷ್ಟ್ರು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಅದು ಹೇಗೆ ಬಂತೋ ಅವರಿಗೆ ಕೊನೆಗೂ ತಿಳಿಯಲಿಲ್ಲ.

ವಿದ್ಯಾರ್ಥಿನಿ ಶೃತಿಯ ಅಜ್ಜಿ ಭದ್ರಮ್ಮ ಮಾತ್ರ ನೇರವಾಗಿ ಶಾಲೆಗೇ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮಾತು ಮಾತ್ರ ಕೊಡಲಿ ಏಟು.

“ನಮ್ಮಪ್ಪಾ, ಮದ್ವೆಯಾಗಿ ಬಂದಾಗ್ನಿಂದ ಹಂಪಿ ವಿರೂಪಾಕ್ಷನಿಗೆ ಒಂದು ಹರಕೆ ಐತೆ. ನಮ್ ಯಜಮಾನ್ರು ಕರ್ಕಂಡ್ ಹೋಗ್ತೀನಿ, ಕರ್ಕಂಡ್ ಹೋಗ್ತೀನಿ ಅಂತಾನೇ ಹೋಗ್ಬುಟ್ರು. ನಾನೂ ಬರ್ಬೋದಾ?”

ಪೋಷಕರನ್ನು ಕರೆಯಿರಿ ಎಂದು ಸಾಹೇಬರೇ ಹೇಳಿದ್ದರು. ಮೇಷ್ಟ್ರಿಗೆ ಆಗ ಟಿವಿಯ ಕೇಬಲ್ಲಿನ ಚಿಂತೆ. “ಬನ್ನಿ ಅಜ್ಜಿ. ನೆಟ್ ಒಂದು ಸರಿಯಾಗಿದ್ರೆ ಸಾಕು, ದೇವ್ರನ್ನ ಹತ್ತಿರದಿಂದಲೇ ನೋಡಬಹುದು” ಎಂದುಬಿಟ್ಟರು.

“ನೆಟ್ಟು ನಾನೇ ತರ್ತೀನಿ ಬುಡಪ್ಪ” ಎಂದು ಭದ್ರಮ್ಮ ಖುಷಿಯಿಂದ ಹೋದಳು. ಈ ಮಾತಿಗೆ ಏನರ್ಥ ಎಂದು ಮೇಷ್ಟ್ರು ಆಗಲೇ ಕೇಳಬೇಕಿತ್ತು.

ನಿಜಸ್ಥಿತಿ ಅವರಿಗೆ ತಿಳಿದದ್ದು ಶುಕ್ರವಾರ ಸಂಜೆ, ಪಕ್ಕದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ತಿಮ್ಮಯ್ಯನ ಫೋನಿನಿಂದ.

“ಏನ್ರೀ ಮೇಷ್ಟ್ರೇ, ನಿಮಗೆ ನಾನು ಯಾವ ಅನ್ಯಾಯ ಮಾಡಿದ್ದೆ? ಗಿಡದಲ್ಲಿ ಹಣ್ಣು ಕೆಂಪಾಗಿ ಉದುರ್ತಾ ಐತೆ. ನಾಳೆ ಲೈನ್ ಮನೆ ಆಳುಗಳಲ್ಲಿ ಅರ್ಧ ಜನ ಕೆಲ್ಸಕ್ಕೆ ಬರಲ್ಲ ಅಂತವ್ರೆ. ಕೇಳಿದ್ರೆ ಮೇಷ್ಟ್ರು ಹಂಪಿಗೆ ಕರ್ಕಂಡ್ ಹೋಯ್ತಾರೆ, ಏಸಿ ಬಸ್ಸು ಅಂತಾರೆ. ಕೊಯ್ಲಿನ ಟೈಮಲ್ಲೇ ನಿಮ್ಗೆ ಇತಿಹಾಸ ಜ್ಞಾಪಕ ಬರ್ಬೇಕಾ ಮಾರಾಯ್ರೇ?”

ಮೇಷ್ಟ್ರು ಫೋನಿಟ್ಟವರೇ ಊರಿನ ವಾಟ್ಸಾಪ್ ಗುಂಪಿಗೆ ಅವಸರದಲ್ಲಿ ಬರೆದರು. ‘ಗಮನಿಸಿ. ನಾಳೆ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಎಲ್ಲರೂ ಶಾಲೆಯಲ್ಲೇ ಕುಳಿತು ಟಿವಿಯಲ್ಲಿ ಹಂಪಿ ನೋಡುವುದು. ಇಂತಿ, ಪ್ರಭಾರ ಮುಖ್ಯ ಶಿಕ್ಷಕರು.’ ಕೊನೆಗೂ ‘ಟಿವಿ’ ಎಂದು ಬರೆದರು, ಮಾನ ಬಿಟ್ಟು. ಆದರೆ ಕೆಂಚನಕೊಪ್ಪಲಿನ ಟವರಿಗೆ ಆ ಸಂಜೆ ಮೈ ಸರಿಯಿರಲಿಲ್ಲ. ಸಂದೇಶದ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಮೂಡಿತು, ಅಲ್ಲೇ ಕೂತಿತು.

ಕತ್ತಲಾಗುವ ಮೊದಲು ಮನೆ ಮನೆಗೆ ಹೋಗಿ ಹೇಳಿಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಮೊದಲನೇ ಮನೆಯಲ್ಲೇ ಚಪಾತಿ ಲಟ್ಟಿಸುತ್ತಿದ್ದ ಸದ್ದು. ಮಕ್ಕಳು ಅಂಗಳದಲ್ಲಿ ಬ್ಯಾಗಿಗೆ ಬಟ್ಟೆ ತುಂಬುತ್ತ, “ಸಾರ್, ಸಾರ್, ತುಂಗಭದ್ರೇಲಿ ಸ್ನಾನಾನೂ ಐತಾ?” ಎಂದು ಕುಣಿದವು. ಮೇಷ್ಟ್ರು ಕುಣಿಯುವ ಮಕ್ಕಳನ್ನು ನೋಡಿ, “ಬೇಗ ಮಲಗಿ” ಎಂದು ಹೇಳಿ ಮನೆಗೆ ವಾಪಸಾದರು.

ಶನಿವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಒಂದು ಸಣ್ಣ ರೈಲ್ವೆ ನಿಲ್ದಾಣ ಎದ್ದುನಿಂತಿತ್ತು. ಚೀಲಗಳು, ಕಂಬಳಿಗಳು, ನೀರಿನ ಕ್ಯಾನು, ಬುತ್ತಿಯ ಗಂಟು. ಜವರಪ್ಪ ನಿಂಬೆಹಣ್ಣು ಮೂಸುತ್ತಿದ್ದ. ಭದ್ರಮ್ಮ ಹೊಸ ಸೀರೆಯುಟ್ಟು, ಕಾಯಿ ಕರ್ಪೂರದ ಬುಟ್ಟಿಯೊಂದಿಗೆ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಡಚಿಟ್ಟ ಸೊಳ್ಳೆ ಪರದೆ.

“ನೀವೇಳಿದ್ರಲ್ಲ, ನೆಟ್ಟು” ಎಂದಳು. “ತೂತಿಲ್ಲ, ನೋಡ್ಕಂಡಿದೀನಿ.”

ಗುಂಪಿನ ಅಂಚಿನಲ್ಲಿ ಒಂದು ಬ್ಯಾಗು ಹಿಡಿದು ಪಂಕಜಾಕ್ಷಿಯೂ ನಿಂತಿದ್ದಳು. ಮೇಷ್ಟ್ರು ಅವಳ ಬಳಿಗೆ ಓಡಿದರು.

“ನಿಂಗೆ ಗೊತ್ತಲ್ಲೇ ಇದು ಟಿವಿ ಅಂತ!”

“ಗೊತ್ತು. ಆದ್ರೆ ಇಷ್ಟು ಜನ ನಂಬಿದ ಮೇಲೆ ಬಸ್ಸು ಬಂದ್ರೂ ಬರಬಹುದು ಅನ್ನಿಸ್ತು. ಚಿತ್ರಾನ್ನ ಕಲಸಿದೀನಿ.”

ಅಷ್ಟರಲ್ಲಿ ಇಲಾಖೆಯ ಜೀಪು ಬಂತು. ಸುನಿಲ್‌ಕುಮಾರ್ ಸಾಹೇಬರು ಇಳಿಯುತ್ತಿದ್ದಂತೆ ತೋಟಪ್ಪ ಮುಂದೆ ನುಗ್ಗಿ ಹಾರ ಹಾಕಿದ.

“ನಮಸ್ಕಾರ ಸಾರ್. ತಾವು ವರ್ಚುವಲ್ ಕಡೆಯೋರಾ?”

“ಹೌದು ಹೌದು, ವರ್ಚುವಲ್ ಟೂರಿಗೇ ಬಂದಿದ್ದು” ಎಂದರು ಸಾಹೇಬರು ನಗುತ್ತ.

“ಇಷ್ಟು ಚಿಕ್ಕ ಗಾಡೀಲಿ ಬಂದ್ರಿ? ದೊಡ್ಡದು ಹಿಂದೆ ಬತ್ತಾ ಐತಾ?”

ದೊಡ್ಡದು ಎಂದರೆ ದೊಡ್ಡ ಸಾಹೇಬರು ಎಂದು ತಿಳಿದ ಸುನಿಲ್‌ಕುಮಾರ್, “ಇಲ್ಲ, ಅವರು ಮೀಟಿಂಗಲ್ಲಿದಾರೆ” ಎಂದರು. ಬಸ್ಸು ಮೀಟಿಂಗಿಗೆ ಯಾಕೆ ಹೋಯಿತೆಂದು ತೋಟಪ್ಪನಿಗೆ ಅನುಮಾನ ಬಂತು. ಅವನು ಪಕ್ಕಕ್ಕೆ ಸರಿದು ಒಂದು ಫೋನು ಕಿವಿಗಿಟ್ಟುಕೊಂಡು ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದ.

ಸಾಹೇಬರು ಮೈದಾನ ನೋಡಿ ಬೆರಗಾದರು. “ಇಷ್ಟೊಂದು ಪೋಷಕರು! ಅದಿರಲಿ, ಈ ಚೀಲ, ಕಂಬಳಿ ಎಲ್ಲ ಏನು?”

ಮೇಷ್ಟ್ರ ಬಾಯಿಂದ ಮಾತು ತಾನಾಗೇ ಉದುರಿತು. “ಅದು... ಅನುಭವ ನೈಜವಾಗಿರಲಿ ಅಂತ ಸಾರ್. ನಿಜವಾಗಿ ಪ್ರವಾಸಕ್ಕೆ ಹೊರಟ ಹಾಗೇ ಬನ್ನಿ ಅಂದಿದ್ದೆ.”

“ಅಬ್ಬಾ! ಅನುಭವಾತ್ಮಕ ಕಲಿಕೆ ಅಂದ್ರೆ ಇದು!” ಸಾಹೇಬರು ಫೋನು ತೆಗೆದು ಚೀಲಗಳ ಫೋಟೋ ತೆಗೆದರು. ಸೊಳ್ಳೆ ಪರದೆಯ ಫೋಟೋವನ್ನು ಹತ್ತಿರ ಹೋಗಿ ತೆಗೆದರು. “ಎಷ್ಟು ಸೂಕ್ಷ್ಮವಾಗಿ ಯೋಚಿಸಿದೀರಿ!”

ಎಲ್ಲರೂ ತರಗತಿಯೊಳಗೆ ನುಗ್ಗಿದರು. ಬಸ್ಸು ಬರುವ ತನಕ ಬೇಜಾರಾಗದಿರಲಿ ಎಂದು ಮೇಷ್ಟ್ರು ಟಿವಿ ಹಾಕುತ್ತಿದ್ದಾರೆಂದು ಊರವರು ಭಾವಿಸಿದರು. ಸಿಗ್ನಲ್ ಸಿಗುತ್ತಿದ್ದುದು ಮೂಲೆಯ ಕಿಟಕಿಯಲ್ಲಿ ಮಾತ್ರ. ಟಿವಿಗೆ ತಮ್ಮ ಫೋನಿನ ನೆಟ್ ಸಿಗಲೆಂದು ಮೇಷ್ಟ್ರು ಅದನ್ನು ಕಿಟಕಿಯ ಸರಳಿಗೆ ಟವೆಲ್ಲಿನಿಂದ ಕಟ್ಟಿದರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗಿತು. ಇನ್ನೂ ತಿರುಗಿತು. ಕೊನೆಗೆ ಧುತ್ತನೆ ಹಂಪಿ ಬಂತು. ಬಂಡೆಗಳು, ನೀಲಿ ಆಕಾಶ, ದೂರದಲ್ಲಿ ಗೋಪುರ. ಮಕ್ಕಳು “ಹೋ” ಎಂದರು. ಮೇಷ್ಟ್ರಿಗೆ ಹೋದ ಜೀವ ಬಂತು.

“ಈಗ ನಾವು ಹಂಪಿಯಲ್ಲಿದ್ದೇವೆ” ಎಂದರು ಗಂಭೀರವಾಗಿ.

“ಎಲ್ಲಿ ಮೇಷ್ಟ್ರೇ?” ಎಂದ ಜವರಪ್ಪ ಮುಂದಿನ ಬೆಂಚಿನಿಂದ. “ನಾವಿನ್ನೂ ಸ್ಕೂಲಲ್ಲೇ ಇದೀವಿ.”

ಸಾಹೇಬರು ಮೆಚ್ಚಿ ನಕ್ಕರು. “ಎಷ್ಟು ಸಹಜವಾಗಿ ಪ್ರಶ್ನೆ ಕೇಳ್ತಾರೆ!”

ಮೇಷ್ಟ್ರು ಮುಂದೆ ಹೋಗಲು ರಿಮೋಟಿನ ಗುಂಡಿ ಒತ್ತಿದರು. ಚಿತ್ರ ಮುಂದೆ ಹೋಗಲಿಲ್ಲ, ಎಡಕ್ಕೆ ತಿರುಗಿತು. ಬಲಕ್ಕೆ ಒತ್ತಿದರು. ಅದು ಸ್ವಲ್ಪ ಹೊತ್ತು ಯೋಚಿಸಿ, ಒತ್ತಿದ್ದನ್ನೆಲ್ಲ ಒಟ್ಟಿಗೇ ಜ್ಞಾಪಿಸಿಕೊಂಡಂತೆ ಗಿರಗಿರನೆ ಸುತ್ತತೊಡಗಿತು. ಬಂಡೆ, ಆಕಾಶ, ನೆಲ, ಗೋಪುರ, ಮತ್ತೆ ಬಂಡೆ. ಜವರಪ್ಪನ ನಿಂಬೆಹಣ್ಣು ಕೈಯಿಂದ ಜಾರಿತು. ಕಣ್ಣು ಮೇಲಾಯಿತು. ಅವನು ಎದ್ದು, ಎರಡು ಬೆಂಚು ಹಾರಿ, ಕಿಟಕಿಗೆ ಓಡಿದ.

“ಅಲುಗಾಡಲ್ಲ ಅಂದಿದ್ರಲ್ಲ ಮೇಷ್ಟ್ರೇ!” ಎಂಬ ಆರ್ತನಾದ ಕಿಟಕಿಯಾಚೆಯಿಂದ ಬಂತು. ಉಳಿದದ್ದು ವರ್ಣಿಸುವಂಥದ್ದಲ್ಲ. ಮೇಷ್ಟ್ರ ಫೋನು ಅದೃಷ್ಟಕ್ಕೆ ಬೇರೆ ಕಿಟಕಿಯಲ್ಲಿತ್ತು.

ಅಂತೂ ಚಿತ್ರ ನಿಂತಿತು. ನಿಂತದ್ದು ವಿರೂಪಾಕ್ಷನ ಗುಡಿಯ ಹೆಬ್ಬಾಗಿಲಿನ ಎದುರಿಗೆ. ಭದ್ರಮ್ಮ ಮೆಲ್ಲಗೆ ಎದ್ದಳು. ಟಿವಿಯ ಮುಂದೆ ಬಂದು, ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಕೈ ಮುಗಿದಳು. ಊರವರು ಎದ್ದು ನಿಂತರು. ಬೇರೆ ದಾರಿ ಕಾಣದೆ ಸಾಹೇಬರು ಬೂಟು ಬಿಚ್ಚಿದರು.

“ಒಳಗೆ ಹೋಗಪ್ಪ” ಎಂದಳು ಭದ್ರಮ್ಮ.

ಮೇಷ್ಟ್ರು ಗುಂಡಿ ಒತ್ತಿದರು. ಚಕ್ರ ತಿರುಗಿತು.

“ಬಾಗ್ಲು ತೆಗ್ದೇ ಐತಲ್ಲ. ಒಳಕ್ಕೆ ಹೋಗು ಅಂದ್ರೆ!”

“ಲೋಡ್ ಆಗ್ತಾ ಇದೆ ಅಜ್ಜಿ.”

“ಯಾರ್ ಲೋಡು? ಲಾರಿ ಅಡ್ಡ ನಿಂತೈತಾ?”

ಚಕ್ರ ಇನ್ನೊಂದು ಸುತ್ತು ತಿರುಗಿತು, ಆಮೇಲೆ ಕರೆಂಟು ಹೋಯಿತು.

ಕಪ್ಪು ಪರದೆಯ ಮುಂದೆ ಕರ್ಪೂರವೊಂದೇ ಉರಿಯುತ್ತಿತ್ತು. ಶೃತಿ ಕೇಳಿದಳು. “ಸಾರ್, ನಮ್ ಬಸ್ಸು ಎಷ್ಟೊತ್ತಿಗೆ?”

ಮೇಷ್ಟ್ರು ಸಾಹೇಬರನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಬಾಗಿಲು ನೋಡಿದರು. ಅದರ ಅಡ್ಡಕ್ಕೂ ಚೀಲಗಳಿದ್ದವು.

“ಬಸ್ಸಿಲ್ಲಮ್ಮ. ಇದೇ ಟೂರು. ಈಗ ನೋಡಿದ್ರಲ್ಲ... ಅದೇ.”

ಮೊದಲು ಒಂದು ಮಗು ಅತ್ತಿತು. ಆಮೇಲೆ ದೊಡ್ಡವರು ಶುರು ಮಾಡಿದರು.

“ಟಿವಿ ನೋಡೋಕೆ ನಾನು ಕೂಲಿ ಬುಟ್ಟು ಬರ್ಬೇಕಿತ್ತಾ?”

“ನಮ್ಮನೇಲಿ ಇದಕ್ಕಿಂತ ದೊಡ್ಡ ಟಿವಿ ಐತೆ!”

“ಚಪಾತಿ ಯಾರಿಗ್ ಮಾಡ್ದೆ ನಾನು?”

ಭದ್ರಮ್ಮ ಕರ್ಪೂರ ಆರುವ ತನಕ ನಿಂತಿದ್ದು, ತಟ್ಟೆಯನ್ನು ಬುಟ್ಟಿಗೆ ಹಾಕಿ, “ಸುಳ್ಳಾಡ್ಬುಟ್ಟಲ್ಲೋ ಮೇಷ್ಟ್ರೇ” ಎಂದಳು. ಉಳಿದ ಬೈಗುಳವೆಲ್ಲ ಸೇರಿದರೂ ಅಷ್ಟು ಭಾರ ಇರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ಸಾಹೇಬರಿಗೂ ಈಗ ಅರ್ಥವಾಯಿತು. ಮುಖ ಕೆಂಪಾಯಿತು. “ಅಂದ್ರೆ ಆ ಕಂಬಳಿ, ಆ ಪರದೆ... ಇವರೆಲ್ಲ ನಿಜವಾಗಿ ಹೊರಟಿದ್ರಾ? ಸಿದ್ದಬಸಪ್ಪನೋರೇ, ನಾನು ಆ ಫೋಟೋಗಳನ್ನ ಆ ಮೂಲೆ ಕಿಟಕಿ ಹತ್ರ ನಿಂತು ಮೇಲಿನವರಿಗೆ ಕಳಿಸಿಬಿಟ್ಟಿದೀನಿ!”

ಆ ಹೊತ್ತಿಗೆ ಹೊರಗೆ ಹಾರನ್ ಸದ್ದು ಕೇಳಿತು. ಬಾಳ್ಳುಪೇಟೆಯ ಪ್ರದೀಪನ ಮಿನಿ ಬಸ್ಸು ಧೂಳೆಬ್ಬಿಸಿಕೊಂಡು ಮೈದಾನಕ್ಕೆ ಬಂದು ನಿಂತಿತು. ದಿಬ್ಬದಿಂದ ತೋಟಪ್ಪ ಇಳಿದು ಬಂದ, ಗೆದ್ದ ಕಳೆಯಲ್ಲಿ.

“ಆ ವರ್ಚುವಲ್‌ನೋರು ಕೈ ಕೊಡ್ತಾರೆ ಅಂತ ನಂಗೆ ಆಗ್ಲೇ ಗೊತ್ತಾಯ್ತು. ನಮ್ ಪ್ರದೀಪ ಅವ್ನೆ. ಹತ್ತಿ, ಹತ್ತಿ!”

ಕ್ಷಣದಲ್ಲಿ ತರಗತಿ ಖಾಲಿಯಾಯಿತು. ಬಸ್ಸಿನ ಕಿಟಕಿಗಳಿಂದ ಟವೆಲ್ಲು ಎಸೆದು ಸೀಟು ಹಿಡಿದರು. ಸಾಹೇಬರು ಬರಿಗಾಲಲ್ಲೇ ಹಿಂದೆ ಓಡಿದರು.

“ಇಳೀರಿ! ಅನುಮತಿ ಇಲ್ಲದೆ ಹಂಪಿಗೆ ಹೋಗೋ ಹಾಗಿಲ್ಲ! ಮಾರ್ಗಸೂಚಿ ಇದೆ! ರಾತ್ರಿ ಪ್ರಯಾಣ ನಿಷೇಧ!”

ಭದ್ರಮ್ಮ ಮುಂದಿನ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. “ನೀವು ಬೂಟು ಹಾಕ್ಕಂಡ್ ಬನ್ನಿ ಸ್ವಾಮಿ. ಆಮೇಲೆ ಮಾತಾಡಾನ. ನಾನಂತೂ ಇಳಿಯಲ್ಲ.”

ಸಾಹೇಬರು ಮೇಷ್ಟ್ರ ಕಡೆ ತಿರುಗಿ ಹಲ್ಲು ಕಡಿದರು. “ಇವರನ್ನ ಇಳಿಸಿ.”

“ನನ್ನ ಮಾತು ಇನ್ನು ಯಾರು ಕೇಳ್ತಾರೆ ಸಾರ್?” ಎಂದರು ಮೇಷ್ಟ್ರು. ಆ ವಾರದಲ್ಲಿ ಸಾಹೇಬರಿಗೆ ಅವರು ಹೇಳಿದ ಮೊದಲ ನಿಜವಾದ ಮಾತು ಅದು. ಬಹುಶಃ ಅದರಿಂದಲೇ ಧೈರ್ಯ ಬಂತು. “ಸಾರ್, ಸಂಜೆಯೊಳಗೆ ವಾಪಸ್ ಬರೋ ಹಾಗೆ ಎಲ್ಲಿಗಾದರೂ ಕರ್ಕೊಂಡು ಹೋಗೋಣ. ಇಲ್ಲೇ ತಾಲ್ಲೂಕಿನೊಳಗೆ. ಮಕ್ಕಳ ಮುಖ ನೋಡಿ ಸಾರ್.”

“ಮಂಜರಾಬಾದ್ ಕೋಟೆ ಐತಲ್ಲ” ಎಂದ ಪ್ರದೀಪ, ಸ್ಟೇರಿಂಗ್ ಮೇಲೆ ಗಲ್ಲವೂರಿ. “ಸಕಲೇಶಪುರ ದಾಟಿದ್ರೆ ದೋಣಿಗಾಲು, ಅಲ್ಲೇ ಮೇಲ್ಗಡೆ.”

ಬಸ್ಸಿನಲ್ಲಿ ಯಾರು ಯಾರು ಆ ಕೋಟೆ ನೋಡಿದ್ದೀರಿ ಎಂದು ಸಾಹೇಬರು ಕೇಳಿದರು. ಧರ್ಮಸ್ಥಳಕ್ಕೆ ಹೋಗುವಾಗ ಎಲ್ಲರೂ ಅದರ ಬುಡದಲ್ಲೇ ಎಷ್ಟೋ ಸಲ ಹಾದುಹೋಗಿದ್ದರು. ಹತ್ತಿದವರು ಒಬ್ಬರೂ ಇಲ್ಲ. ಮೇಷ್ಟ್ರೂ ಇಲ್ಲ. ‘ನೀವು ಸಾರ್?’ ಎಂದು ಶೃತಿ ಕೇಳಿದಾಗ ಸಾಹೇಬರು ಯಾರೋ ತಂದುಕೊಟ್ಟ ತಮ್ಮ ಬೂಟಿನ ದಾರ ಕಟ್ಟುವುದರಲ್ಲಿ ಮಗ್ನರಾದರು. ಕಟ್ಟಿ ಮುಗಿಸಿ, “ಒಂದೇ ದಿನದ ಸ್ಥಳೀಯ ಭೇಟಿ ಅಂತ ಆಗಬಹುದು. ನಾನೂ ಜೊತೇಲಿರ್ತೀನಿ” ಎಂದು ಗೊಣಗಿ, ಜೀಪಿನ ಚಾಲಕನಿಗೆ ಹಿಂದೆ ಬರುವಂತೆ ಸನ್ನೆ ಮಾಡಿ ಬಸ್ಸು ಹತ್ತಿದರು.

ಬಾಳ್ಳುಪೇಟೆಯ ಹೈವೇಗೆ ಬರುತ್ತಿದ್ದಂತೆ ಸಿಗ್ನಲ್ ಬಂತು. ಬಸ್ಸಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಟಿಂಗ್ ಎಂದವು. ತೋಟಪ್ಪ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. “ಗಮನಿಸಿ. ನಾಳೆ ಯಾರೂ ಎಲ್ಲಿಗೂ ಹೋಗುತ್ತಿಲ್ಲ.”

“ಭಾನ್ವಾರ ಯಾರು ಹೋಯ್ತಾರೆ? ಇದನ್ನೂ ಮೆಸೇಜ್ ಮಾಡ್ಬೇಕಾ?” ಎಂದ ಜವರಪ್ಪ, ಕಿಟಕಿಯಿಂದ ತಲೆ ಒಳಗೆ ತಂದು, ಮತ್ತೆ ಹೊರಗೆ ಹಾಕಿದ.

ಕೋಟೆಯ ಮೆಟ್ಟಿಲು ಹತ್ತುವಾಗ ಭದ್ರಮ್ಮನಿಗೆ ಏದುಸಿರು ಬಂತು. “ಇದನ್ನ ಸ್ವಲ್ಪ ಹಿಡ್ಕಳಿ ಸ್ವಾಮಿ” ಎಂದು ಬುಟ್ಟಿಯನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟಳು. ಪಕ್ಕದಲ್ಲಿದ್ದವರು ಸಾಹೇಬರು. ಸ್ವಲ್ಪ ದೂರ ಹೋದ ಮೇಲೆ ಸೊಳ್ಳೆ ಪರದೆಯೂ ಅವರ ಹೆಗಲಿಗೆ ಬಂತು. ಬಸ್ಸಿನಲ್ಲಿಟ್ಟರೆ ಕಳುವಾಗುತ್ತದೆಂದು ಅಜ್ಜಿ ಅದನ್ನೂ ತಂದಿದ್ದಳು.

ಮೇಲೆ ಗಾಳಿ ಬೀಸುತ್ತಿತ್ತು. ಸುತ್ತ ನೀಲಿ ಗುಡ್ಡಗಳು, ಕೆಳಗೆ ಹಾವಿನಂಥ ಹೈವೇ, ಬೆಂಕಿಪೊಟ್ಟಣದಂಥ ಲಾರಿಗಳು. ಮಕ್ಕಳು ಹುಲ್ಲಿನ ಮೇಲೆ ಓಡಿದವು, ನಡುವಿನ ಕೊಳಕ್ಕೆ ಇಣುಕಿದವು, ಕಮಾನಿನೊಳಗೆ ಕೂಗಿದವು. ಮೇಷ್ಟ್ರು ಎಲ್ಲರನ್ನೂ ಗೋಡೆಯ ಮೇಲೆ ಸೇರಿಸಿ ಪಾಠಕ್ಕೆ ನಿಂತರು.

“ಇದು ಟಿಪ್ಪು ಸುಲ್ತಾನನ ಕಾಲದಲ್ಲಿ ಕಟ್ಟಿದ್ದು. ನಕ್ಷತ್ರಾಕಾರದ ಕೋಟೆ.”

“ನಕ್ಷತ್ರ ಎಲ್ಲೈತೆ ಸಾರ್?” ಎಂದಳು ಶೃತಿ. “ಬರೀ ಗೋಡೆ ಕಾಣ್ತೈತೆ.”

ಮೇಷ್ಟ್ರು ಸುತ್ತ ನೋಡಿದರು. ನಿಜ, ಬರೀ ಗೋಡೆ. ಒಂದು ಮೂಲೆ, ಆಮೇಲೆ ಇನ್ನೊಂದು ಮೂಲೆ. ಎಲ್ಲರನ್ನೂ ಕರೆದುಕೊಂಡು ಗೋಡೆಗುಂಟ ನಡೆದರು. ಮತ್ತೊಂದು ಮೂಲೆ. ನಕ್ಷತ್ರ ಎಲ್ಲೂ ಇಲ್ಲ.

“ಬೆಳಿಗ್ಗೆ ವರ್ಚುವಲ್ ಹಂಪಿ” ಎಂದ ತೋಟಪ್ಪ. “ಈಗ ವರ್ಚುವಲ್ ನಕ್ಷತ್ರ.”

ಜನ ನಕ್ಕರು. ಪಂಕಜಾಕ್ಷಿಯೂ ನಕ್ಕಳು. ಮೇಷ್ಟ್ರಿಗೆ ಸಾಕಾಗಿ ಹೋಗಿತ್ತು. ರೋಸಿಹೋಗಿ ಜೇಬಿನಿಂದ ಫೋನು ತೆಗೆದರು. ಗುಡ್ಡದ ತುದಿಯಲ್ಲಿ ಸಿಗ್ನಲ್ಲು ಪೂರ್ತಿ ಇತ್ತು. ನಕ್ಷೆ ತೆರೆದು, ಆಕಾಶದಿಂದ ತೆಗೆದ ಚಿತ್ರಕ್ಕೆ ಬದಲಿಸಿ, ಬೆರಳಿನಿಂದ ಹಿಗ್ಗಿಸಿದರು. ಹಸಿರಿನ ನಡುವೆ ಒಂದು ನಕ್ಷತ್ರ, ಯಾರೋ ಅಳತೆಪಟ್ಟಿ ಹಿಡಿದು ಗೀಚಿದ ಹಾಗೆ, ಎಂಟು ಮೂಲೆಗಳೂ ಸ್ಪಷ್ಟ.

“ನೋಡು” ಎಂದರು. ದನಿಯಲ್ಲಿ ಇನ್ನೂ ಸಿಟ್ಟಿತ್ತು. “ಇದು ಕೋಟೆ. ಈ ಮೂಲೆ ಇದೆಯಲ್ಲ, ನಾವು ನಿಂತಿರೋದು ಇಲ್ಲಿ.”

ಶೃತಿ ಫೋನು ನೋಡಿದಳು. ತಲೆಯೆತ್ತಿ ಗೋಡೆ ನೋಡಿದಳು. ಮತ್ತೆ ಫೋನು ನೋಡಿದಳು. “ಅಯ್ಯೋ ಸಾರ್, ನಾವು ನಕ್ಷತ್ರದ ತುದೀಲಿ ನಿಂತಿದೀವಿ!”

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮಕ್ಕಳು ಒಂದೊಂದು ತುದಿಗೂ ಓಡಿ ಅಲ್ಲಿಂದ ಕೈ ಬೀಸಿದವು. ಮೇಷ್ಟ್ರು ಸಾಹೇಬರನ್ನು ಮರೆತರು. ಗೋಡೆ ಹೀಗೆ ಮಡಚಿಕೊಂಡಿರುವುದು ಯಾಕೆಂದು ಕೂಗಿ ಹೇಳತೊಡಗಿದರು. ಜವರಪ್ಪನನ್ನು ಶತ್ರು ಮಾಡಿ ಗೋಡೆಯ ಹೊರಗೆ ಬುಡದಲ್ಲಿ ನಿಲ್ಲಿಸಿದರು. ಎಲ್ಲಿ ಅವಿತರೂ ಪಕ್ಕದ ಮೂಲೆಯಿಂದ ಯಾರಾದರೊಬ್ಬರು “ಕಂಡೆ, ಕಂಡೆ” ಎನ್ನುತ್ತಿದ್ದರು. “ನನ್ನ ಹೊಟ್ಟೆ ಸರಿಯಿಲ್ಲ, ಸೋತೆ” ಎಂದು ಶತ್ರು ಶರಣಾದ. ಇಪ್ಪತ್ತು ವರ್ಷದಲ್ಲಿ ಸಿದ್ದಬಸಪ್ಪನವರು ಹೀಗೆ ಪಾಠ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಸಾಹೇಬರು ಕಾಯಿಬುಟ್ಟಿ ಹಿಡಿದು ಒಂದು ಕಲ್ಲಿನ ಮೇಲೆ ಕೂತು ಪಾಠ ಕೇಳಿದರು.

ಭದ್ರಮ್ಮ ಫೋನನ್ನು ತನ್ನ ಕೈಗೆ ತೆಗೆದುಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು.

“ಇದ್ರಲ್ಲಿ ನಾನೆಲ್ಲಿದೀನಪ್ಪ? ಹೊಸ ಸೀರೆ ಉಟ್ಟಿದೀನಿ, ಕಾಣ್ಬೇಕಲ್ಲ.”

“ಇದು ಯಾವಾಗಲೋ ತೆಗೆದ ಚಿತ್ರ ಅಜ್ಜಿ. ಮೇಲಿಂದ ಉಪಗ್ರಹ ತೆಗೆಯುತ್ತೆ.”

“ನಾವು ಬರೋಕೆ ಮುಂಚೆ ಯಾಕ್ ತೆಗುದ್ರು? ಯಾರೂ ಇಲ್ದೇ ಇರೋ ಕೋಟೆ ಏನ್ ಚಂದ? ಇನ್ನೊಂದ್ಸಲ ತೆಗೀತಾರೋ ಇಲ್ವೋ?”

“ತೆಗೀತಾರೆ. ಆದರೆ ಯಾವಾಗ ಅಂತ...”

“ಅಷ್ಟು ಸಾಕು” ಎಂದಳು ಭದ್ರಮ್ಮ. ಸೆರಗು ಸರಿಮಾಡಿಕೊಂಡು ಗೋಡೆಯ ತುದಿಗೆ ಹೋಗಿ, ಮುಖವೆತ್ತಿ ಆಕಾಶಕ್ಕೆ ಕೈ ಬೀಸಿದಳು. “ಲೇ ಶೃತಿ, ಬಾರೆ. ತೋಟಪ್ಪ, ನೀನೂ ಬಾರೋ. ಒತ್ತಾಗಿ ನಿಂತ್ಕಳಿ.”

ಮಕ್ಕಳು ಓಡಿ ಬಂದವು. ತೋಟಪ್ಪ ಎರಡೂ ಫೋನನ್ನು ಜೇಬಿಗೆ ಹಾಕಿ ಮೀಸೆ ತಿರುವಿದ. ಪಂಕಜಾಕ್ಷಿ ಬ್ಯಾಗನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು. ಸಾಹೇಬರು ಎದ್ದು, ಅತ್ತಿತ್ತ ನೋಡಿ, ಕಾಲರು ಸರಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ಸೇರಿಕೊಂಡರು. ಕೆಳಗೆ ರಸ್ತೆಯಿಂದ ಪ್ರದೀಪ ಹೊತ್ತಾಯಿತೆಂದು ಬಿಡದೆ ಹಾರನ್ನು ಒತ್ತುತ್ತಿದ್ದ.

“ತಡ್ಕಳೋ ಮಾರಾಯ!” ಎಂದು ಭದ್ರಮ್ಮ ಗೋಡೆಯ ಮೇಲಿಂದಲೇ ಕೂಗಿದಳು. “ಫೋಟೋ ತೆಗೀತಾ ಅವ್ರೆ!”

ಉಪಗ್ರಹವೆಂದರೇನು, ಅದು ಎಷ್ಟು ಎತ್ತರದಲ್ಲಿದೆ, ಅದಕ್ಕೆ ಮನುಷ್ಯರ ಮುಖ ಯಾಕೆ ಕಾಣುವುದಿಲ್ಲ ಎಂಬುದನ್ನೆಲ್ಲ ವಿವರಿಸಲು ಸಿದ್ದಬಸಪ್ಪ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಇಟ್ಟರು. ಆಮೇಲೆ ತಲೆಗೂದಲು ಒಪ್ಪವಾಗಿ ನೇವರಿಸಿಕೊಂಡು, ಅಜ್ಜಿಯ ಪಕ್ಕದಲ್ಲಿದ್ದ ಒಂದಿಷ್ಟು ಜಾಗಕ್ಕೆ ಹೋಗಿ ನಿಂತು, ಮೇಲಕ್ಕೆ ನೋಡಿ ಕೈ ಬೀಸಿದರು.